ಮುಚ್ಚದ ಬ್ರಾಕೆಟ್ಟು

"ಬ್ರಾಕೆಟ್ ಹಾಕದೆ ಇದ್ರೆ ಆಕಾಶ ಏನು ಕಳಚಿ ಬೀಳುತ್ತಾ?" ಎಂದು ಕೇಳಿ ಸೌಮ್ಯ ಒದ್ದೆ ಪಂಚೆಯನ್ನು ಬಲವಾಗಿ ಒಮ್ಮೆ ಕೊಡವಿದಳು. ಹನಿಗಳು ಹಾರಿ ಪ್ರಭುಸ್ವಾಮಿಯ ಕನ್ನಡಕದ ಮೇಲೆ ಬಿದ್ದವು. ತಾರಸಿಯ ಮೋಟುಗೋಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಳ್ಳುತ್ತ, "ಆಕಾಶ ಬೀಳಲ್ಲ. ಮಕ್ಕಳು ಬೀಳ್ತವೆ. ಇವತ್ತು ಬ್ರಾಕೆಟ್ ಇಲ್ಲದೆ ಕಲಿತು, ನಾಳೆ ಕಾಲೇಜಿಗೆ ಬಂದು ಎಡವಿ ಬೀಳ್ತವೆ," ಎಂದ.

ಕೊಳ್ಳೇಗಾಲದಲ್ಲಿ ಗಂಡ ಹೆಂಡಿರು ಜಗಳವಾಡಲು ಕಾರಣಗಳಿಗೇನೂ ಬರವಿಲ್ಲ. ಆದರೂ ಒಂದು ಬ್ರಾಕೆಟ್ಟಿಗೋಸ್ಕರ ವಾರಗಟ್ಟಲೆ ಮುಖ ಊದಿಸಿಕೊಂಡವರು ಇವರಿಬ್ಬರೇ ಇರಬೇಕು. ಪ್ರಭುಸ್ವಾಮಿ ಹನೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದ. ಸೌಮ್ಯ ಯಳಂದೂರಿನ ಕಾಲೇಜಿನಲ್ಲಿ ಅದನ್ನೇ ಮಾಡುತ್ತಿದ್ದಳು. ಇಬ್ಬರಿಗೂ ಅನುಕೂಲವಾಗಲಿ ಎಂದು ಮಧ್ಯದಲ್ಲಿರುವ ಕೊಳ್ಳೇಗಾಲದಲ್ಲಿ ಮಾಳಿಗೆ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದರು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನವರೆಗೆ ಒಟ್ಟಿಗೆ ಹೋಗಿ, ಅಲ್ಲಿಂದ ಒಬ್ಬರು ಮೂಡಲ ಕಡೆಯ ಬಸ್ಸು, ಇನ್ನೊಬ್ಬರು ಪಡುವಲ ಕಡೆಯ ಬಸ್ಸು. ದಿನವಿಡೀ ಇಬ್ಬರೂ ಕಲಿಸುತ್ತಿದ್ದದ್ದು ಪೈಥಾನ್ ಎಂಬ ಭಾಷೆಯನ್ನು. ಮನುಷ್ಯರು ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ ಅದು.

ಈ ಬೇಸಿಗೆಯಲ್ಲಿ ಹನೂರಿನ ಸುತ್ತಲ ಹೈಸ್ಕೂಲು ಮಕ್ಕಳಿಗೆ ಶಿಬಿರ ಮಾಡುವುದೆಂದು ಇಬ್ಬರೂ ಒಪ್ಪಿದ್ದರು. ಮಕ್ಕಳಿಗೆ ಇಂಗ್ಲಿಷಿನ ಭಯ ಇರಬಾರದೆಂದು ಪೈಥಾನಿನ ಮೇಲೆ ಕನ್ನಡದ ಹೊದಿಕೆ ಹಾಕಿ ಒಂದು ಪುಟ್ಟ ಭಾಷೆಯನ್ನೇ ಕಟ್ಟುತ್ತಿದ್ದರು. ಕೂಡು, ಎಣಿಸು, ಕೇಳು, ಹೇಳು ಎಂದೆಲ್ಲ ಅದರಲ್ಲಿ ಪದಗಳಿದ್ದವು. ಅದಕ್ಕೆ ಹೆಸರಿಡುವಾಗಲೂ ಒಮ್ಮತ ಬಾರದೆ ಲ್ಯಾಪ್‌ಟಾಪಿನಲ್ಲಿ ಅದು ‘ಹೊಸದು ಎರಡು’ ಎಂಬ ಹೆಸರಿನಲ್ಲೇ ಉಳಿದಿತ್ತು. ‘ಹೇಳು’ ಎಂದರೆ, ನಾವು ಬರೆದದ್ದನ್ನು ಲ್ಯಾಪ್‌ಟಾಪು ಗಟ್ಟಿಯಾಗಿ ಓದುತ್ತಿತ್ತು. ಬ್ಯಾಂಕಿಗೆ ಫೋನ್ ಮಾಡಿದರೆ ಕಾಯಿರಿ ಎನ್ನುತ್ತಾಳಲ್ಲ, ಅಂಥ ಹೆಣ್ಣುಮಗಳ ದನಿ. ತಗಾದೆ ಬಂದದ್ದು ಈ ‘ಹೇಳು’ವಿನ ಹತ್ತಿರವೇ. ಹೇಳು ಎಂದು ಬರೆದು, ಮುಂದೆ ಮಾತನ್ನು ಬರೆದರೆ ಸಾಕು ಎನ್ನುತ್ತಿದ್ದಳು ಸೌಮ್ಯ. ಅದು ಸ್ಟೇಟ್‌ಮೆಂಟು, ನೇರ ಅಪ್ಪಣೆ. ಇಲ್ಲ, ಹೇಳಬೇಕಾದ ಮಾತನ್ನು ಬ್ರಾಕೆಟ್ಟಿನೊಳಗೆ ಇಟ್ಟು ಕೊಡಬೇಕು, ಅದು ಕೊಟ್ಟದ್ದನ್ನು ತೆಗೆದುಕೊಂಡು ಕೆಲಸ ಮಾಡುವ ಫಂಕ್ಷನ್ ಆಗಬೇಕು ಎನ್ನುತ್ತಿದ್ದ ಪ್ರಭುಸ್ವಾಮಿ.

"ಪೈಥಾನ್ ಮಾಡಿದವರೂ ಮೊದಲು ಪ್ರಿಂಟ್ ಅನ್ನೋದನ್ನ ಬ್ರಾಕೆಟ್ ಇಲ್ದೆ ಹಂಗೇ ಬಿಟ್ಟಿದ್ರು. ಆಮೇಲೆ ಮೂರನೇ ಆವೃತ್ತಿಗೆ ಬಂದಾಗ ಬುದ್ಧಿ ಬಂದು ಫಂಕ್ಷನ್ ಮಾಡಿದ್ರು. ಕೂಡು ಅನ್ನೋದಕ್ಕೂ ಬ್ರಾಕೆಟ್ ಬೇಕು, ಎಣಿಸು ಅನ್ನೋದಕ್ಕೂ ಬ್ರಾಕೆಟ್ ಬೇಕು. ಹೇಳು ಅನ್ನೋದೊಂದೇ ಏನು, ಮನೆ ಅಳಿಯನಾ?"

"ಅಪ್ಪ ಇಲ್ಲೇ ಕೂತಿದ್ದಾರೆ, ಮನೆ ಅಳಿಯನ ವಿಷಯ ಎತ್ತಬೇಡಿ," ಎಂದಳು ಸೌಮ್ಯ. "ಮಾತಾಡೋರು ಯಾರಾದ್ರೂ ಮಾತಿಗೆ ಬೇಲಿ ಕಟ್ಟಿಕೊಂಡು ಮಾತಾಡ್ತಾರೇನ್ರಿ? ಹೂಗ್ಯಂ ಹಳ್ಳಿ ಕಡೆಯಿಂದ ಬರೋ ಮಗು ಮೊದಲ ದಿನವೇ ಬ್ರಾಕೆಟ್ ಮರೆತು, ತಪ್ಪು ಅನ್ನೋ ಕೆಂಪಕ್ಷರ ನೋಡಿ ಹೆದರಿಕೊಂಡು, ಎರಡನೇ ದಿನ ಬರೋದೇ ಇಲ್ಲ."

ಲೋಕದ ತುಂಬ ಈ ವಾದ ನಡೆದು ತಣ್ಣಗಾಗಿ ಎಷ್ಟೋ ಕಾಲವಾಗಿದೆ. ಈ ತಾರಸಿಯ ಮೇಲೆ ಮಾತ್ರ ಇನ್ನೂ ಬಿಸಿಯಾಗಿಯೇ ಇತ್ತು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದ ಹಿರಿಯರು, ಯಂತ್ರಕ್ಕೆ ಮಾತು ಕಲಿಸುವವರನ್ನು ನೋಡಿರಲಿಲ್ಲ.

ನೀರಿನ ಟ್ಯಾಂಕಿನ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಸಿದ್ದಮಲ್ಲಪ್ಪ ಮಗಳ ಮುಖವನ್ನೊಮ್ಮೆ, ಅಳಿಯನ ಮುಖವನ್ನೊಮ್ಮೆ ನೋಡುತ್ತಿದ್ದರು. ಅವರ ಎಡಗೈ ಮೆಲ್ಲನೆ ಮೇಲೆದ್ದಿತು. ಬಟ್ಟೆ ಒಣಹಾಕಿದ್ದ ಹಗ್ಗದ ಕಡೆಗೆ ಚಾಚಿ, "ಸೌಮೀ... ಅದು..." ಎಂದರು.

"ಬಿಸಿಲು ಬಂತಾ ಅಪ್ಪ? ಕುರ್ಚಿ ಈ ಕಡೆ ಎಳೀಲಾ? ಒಳಗೆ ಹೋಗೋಣ್ವಾ? ಟೀ ಮಾಡ್ಲಾ?"

ಕೈ ಇಳಿಯಿತು. ಸಿದ್ದಮಲ್ಲಪ್ಪ ತಲೆಯಾಡಿಸಿದರು. ಇಷ್ಟು ಪ್ರಶ್ನೆಗಳಲ್ಲಿ ಒಂದಕ್ಕಾದರೂ ಹೂಂ ಎನ್ನದಿದ್ದರೆ ಮಗಳು ನೊಂದುಕೊಳ್ಳುತ್ತಾಳೆ ಎಂದು ಅವರಿಗೆ ಗೊತ್ತಿತ್ತು. ಸೌಮ್ಯ ಟೀ ಮಾಡಲು ಕೆಳಗೆ ಓಡಿದಳು. ಬೇಡವಾಗಿದ್ದ ಟೀಯನ್ನು ಅವರು ಕೊನೆಯ ಗುಟುಕಿನವರೆಗೂ ಕುಡಿದರು.

ಲೊಕ್ಕನಹಳ್ಳಿಯಲ್ಲಿ ಸಿದ್ದಮಲ್ಲಪ್ಪನ ಗಂಟಲು ಹೆಸರುವಾಸಿಯಾಗಿತ್ತು. ಕಾಡಿನ ಅಂಚಿನ ಜೋಳದ ಹೊಲದಲ್ಲಿ ಅಟ್ಟಣೆಯ ಮೇಲೆ ನಿಂತು ಅವರು ಒಮ್ಮೆ ಕೂಗು ಹಾಕಿದರೆ ಹಂದಿ ಓಡುತ್ತಿತ್ತೋ ಇಲ್ಲವೋ, ಊರಿನ ಮಕ್ಕಳಂತೂ ಎದ್ದು ಕೂರುತ್ತಿದ್ದವು. ಕಳೆದ ಶ್ರಾವಣದಲ್ಲಿ ಅವರಿಗೆ ಲಕ್ವ ಹೊಡೆಯಿತು. ಕಾಲು ಸುಧಾರಿಸಿತು, ಬಲಗೈ ಅರ್ಧ ಬಂತು, ಮಾತು ಮಾತ್ರ ಹಿಂದೆ ಉಳಿಯಿತು. ಮೈಸೂರಿನಲ್ಲಿ ಮಾತಿನ ಥೆರಪಿ ಮಾಡುವ ಹೆಣ್ಣುಮಗಳು ಬಿಡಿಸಿ ಹೇಳಿದ್ದಳು: "ಅವರಿಗೆ ಎಲ್ಲಾ ಅರ್ಥ ಆಗುತ್ತೆ. ಓದೋಕೂ ಬರುತ್ತೆ. ಹೇಳಬೇಕಾದ ಮಾತು ಒಳಗಿದೆ, ಬಾಯಿಗೆ ಬರೋಕೆ ಹೊತ್ತು ಹಿಡಿಯುತ್ತೆ ಅಷ್ಟೇ. ನೀವು ಅವರ ಮಾತನ್ನ ಮುಗಿಸಿಕೊಡಬೇಡಿ." ಸೌಮ್ಯ ಹೂಂ ಎಂದು ಕೇಳಿಸಿಕೊಂಡು ಬಂದಿದ್ದಳು. ಆದರೆ ಅಪ್ಪ ಮೊದಲ ಪದಕ್ಕೇ ತಡವರಿಸಿ ಬಾಯಿ ತೆರೆದು ನಿಂತಾಗ ಅವಳಿಗೆ ನೋಡಿಕೊಂಡಿರಲು ಆಗುತ್ತಿರಲಿಲ್ಲ. ಒಂದಾದ ಮೇಲೊಂದು ಪದಗಳನ್ನು ಅವರ ಮುಂದೆ ಇಡುತ್ತಿದ್ದಳು. ಅವರು ಯಾವುದೋ ಒಂದಕ್ಕೆ ತಲೆಯಾಡಿಸುತ್ತಿದ್ದರು. ಹೀಗೆ ದಿನ ಸಾಗಿತ್ತು.

ಅವಳನ್ನು ಕೊರೆಯುತ್ತಿದ್ದದ್ದು ಇನ್ನೊಂದು. ಕೊಟ್ಟ ಹೆಣ್ಣಿನ ಮನೆಗೆ ಅಪ್ಪನಾದವನು ನೆಂಟನ ಹಾಗೆ ಬಂದು ನೆಂಟನ ಹಾಗೆ ಹೋಗಬೇಕು, ಇದು ತಾ ಅದು ಇಕ್ಕು ಎಂದು ಬಾಯಿಬಿಟ್ಟು ಕೇಳಬಾರದು ಎಂಬುದು ಅವರ ಹಿರಿಯರಿಂದ ಬಂದ ನಡೆ. ಅಮ್ಮ ಗುರುಬಸಮ್ಮ ಬದುಕಿದ್ದಾಗಲೂ ಹಾಗೇ. ಬಂದು, ಬಡಿಸಿದ್ದನ್ನು ಉಂಡು, ಸಂಜೆಯ ಬಸ್ಸಿಗೆ ಎದ್ದುಬಿಡುತ್ತಿದ್ದರು. ಈಗ ಕಾಯಿಲೆಯ ನೆಪದಲ್ಲಿ ಅಪ್ಪ ಇಲ್ಲಿಯೇ ಇದ್ದರೂ ಆ ನಡೆಯನ್ನು ಬಿಟ್ಟಿರಲಿಲ್ಲ. ಸೌಮ್ಯ ಅವರಿಗೆಂದು ಬೀರುವಿನಲ್ಲಿ ಒಂದು ಖಾನೆ ಖಾಲಿ ಮಾಡಿಕೊಟ್ಟಿದ್ದಳು. ಅವರ ಬಟ್ಟೆಗಳು ಮಂಚದ ಪಕ್ಕದ ಚೀಲದಲ್ಲೇ ಇದ್ದವು. ಎರಡನೆಯ ಸಲ ಬಡಿಸಲು ಹೋದರೆ ತಟ್ಟೆಯ ಮೇಲೆ ಎಡಗೈ ಅಡ್ಡ ಬರುತ್ತಿತ್ತು. ಅದನ್ನು ಕಂಡಾಗಲೆಲ್ಲ ಅವಳಿಗೆ ಅಳು ಬರುವಷ್ಟು ಸಿಟ್ಟು ಬರುತ್ತಿತ್ತು.

ಅದೇ ವಾರ ಲೊಕ್ಕನಹಳ್ಳಿಯಿಂದ ಅಣ್ಣ ಮಾದೇಶ ಫೋನ್ ಮಾಡಿದ.

"ಸೌಮೀ, ಬರೋ ಭಾನುವಾರ ನಮ್ಮೂರ ಡ್ರೈವರ್ ಬಿಳಿಗಿರಿ ಗಾಡಿ ತಕಂಡು ಬತ್ತೀನಿ ಕಣವ್ವ. ಅಪ್ಪನ್ನ ಕರ್ಕಂಡು ಓಯ್ತೀನಿ. ಗಂಡುಮಗ ಇದ್ಕಂಡು ಅಪ್ಪನ್ನ ಮಗಳ ಮನೇಲಿ ಬುಟ್ಟವ್ನ ಅಂತ ಊರ್ನೋರು ಬಾಯ್ಗೆ ಬಂದಂಗ ಅಂತಾರ. ಅವ್ರು ಅಂದ್ರೆ ಅನ್ಲಿ ಬುಡು. ನಂಗೂ ಅಪ್ಪನ್ನ ನೋಡ್ದೆ ಇರಾಕಾಯ್ತಿಲ್ಲ."

"ಅಪ್ಪ ಇಲ್ಲೇ ಇರ್ತಾರೆ ಅಣ್ಣ. ಥೆರಪಿ ಇನ್ನೂ ಮುಗಿದಿಲ್ಲ."

"ಅದ್ನ ಅಪ್ಪ ಯೋಳುದ್ನಾ, ನೀ ಯೋಳ್ತಿದ್ದೀಯಾ?"

ಸೌಮ್ಯ ಫೋನ್ ಹಿಡಿದುಕೊಂಡೇ ಬಾಗಿಲ ಕಡೆ ತಿರುಗಿದಳು. ಅಪ್ಪ ಒಳಮನೆಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಅವರಿಗೆ ಕೇಳಿಸಿತ್ತೆಂದು ಅವಳಿಗೆ ಗೊತ್ತಾಯಿತು. ಹೋಗಿ, "ಅಪ್ಪ, ನಿಮಗೇನು ಇಷ್ಟ?" ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಅಕ್ಕಿ ತೊಳೆಯಲು ಹೋದಳು.

ಆ ಸಂಜೆ ಪ್ರಭುಸ್ವಾಮಿಯೇ ಉಪಾಯ ತೆಗೆದ. "ನಮ್ಮಿಬ್ಬರ ಜಗಳಕ್ಕೆ ಮಾವನೇ ಪಂಚಾಯ್ತಿ ಮಾಡ್ಲಿ. ನಿನ್ನದೂ ಇರಲಿ, ನನ್ನದೂ ಇರಲಿ. ಅವರಿಗೆ ಯಾವುದು ಸುಲಭ ಆಗುತ್ತೋ ಮಕ್ಕಳಿಗೂ ಅದೇ." ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಕನ್ನಡ ಅಕ್ಷರದ ಚೀಟಿಗಳನ್ನು ಅಂಟಿಸಿ, ‘ಹೇಳು’ ಎಂಬ ಪದವನ್ನು ಒಂದೇ ಕೀಲಿಗೆ ಕೂರಿಸಿ, ನಡುಮನೆಯ ಮೇಜಿನ ಮೇಲಿಟ್ಟು ಮಾವನನ್ನು ಕರೆದು ಕೂರಿಸಿದ.

ಮೊದಲು ಸೌಮ್ಯಳದು. ಸಿದ್ದಮಲ್ಲಪ್ಪ ಎಡಗೈಯ ತೋರುಬೆರಳಿನಿಂದ ‘ಹೇಳು’ ಒತ್ತಿದರು. ಮುಂದಿನದು ಒದಗಿ ಬರಲಿಲ್ಲ. ಯೋಚಿಸುತ್ತ ಯೋಚಿಸುತ್ತ ಬೆರಳು ಎಂಟರ್ ಕೀಲಿಯ ಮೇಲೆ ಬಿತ್ತು. ತಕ್ಷಣ ಕೆಂಪಕ್ಷರದ ಸಾಲು ಮೂಡಿ, ಬ್ಯಾಂಕಿನ ಹೆಂಗಸು, "ತಪ್ಪು. ಏನು ಹೇಳಬೇಕು?" ಎಂದು ಗದರಿದಳು. ಅವರು ಕಾದ ಹೆಂಚು ಮುಟ್ಟಿದವರಂತೆ ಕೈ ಹಿಂದೆ ತೆಗೆದುಕೊಂಡರು.

ಮರುದಿನ ಸೌಮ್ಯ ಅದನ್ನು ತಿದ್ದಿದಳು. ಈಗ ಕೆಂಪಕ್ಷರವಿಲ್ಲ, ಗದರಿಕೆಯಿಲ್ಲ. ‘ಹೇಳು’ ಎಂದು ಬರೆದು ಸುಮ್ಮನಾದರೆ ಲ್ಯಾಪ್‌ಟಾಪು ತಾನೇ ನಯವಾಗಿ ಕೇಳುತ್ತಿತ್ತು: ನೀರು ಬೇಕೆ? ಊಟ ಬೇಕೆ? ಟೀ ಬೇಕೆ? ಮಲಗುತ್ತೀರಾ? ಸಿದ್ದಮಲ್ಲಪ್ಪ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ, ಟೀ ಎಂಬುದನ್ನು ಒತ್ತಿದರು. ಸೌಮ್ಯ ಖುಷಿಯಿಂದ ಟೀ ಮಾಡಲು ಹೋದಳು. ಪ್ರಭುಸ್ವಾಮಿಗೆ ನಗು ಬಂದಿತ್ತು, ಆದರೆ ಮಾವನ ಮುಖ ನೋಡಿ ನಗಲಿಲ್ಲ.

ಆಮೇಲೆ ಅವನದು. ಇದರಲ್ಲಿ ಆ ಕೀಲಿಯನ್ನೊತ್ತಿದರೆ ‘ಹೇಳು’ ಎಂಬ ಪದ, ಅದರ ಬೆನ್ನಿಗೇ ತೆರೆದ ಒಂದು ಬ್ರಾಕೆಟ್ಟು ಬರುತ್ತಿತ್ತು. ಸಿದ್ದಮಲ್ಲಪ್ಪನಿಗೆ ಮತ್ತೆ ಮಾತು ಒದಗಲಿಲ್ಲ, ಮತ್ತೆ ಬೆರಳು ಎಂಟರ್ ಮೇಲೆ ಬಿತ್ತು. ಬೈಸಿಕೊಳ್ಳಲು ಸಿದ್ಧರಾಗಿ ಅವರು ಕಣ್ಣು ಕಿರಿದು ಮಾಡಿದರು. ಏನೂ ಆಗಲಿಲ್ಲ. ಕೆಳಗಿನ ಸಾಲಿನಲ್ಲಿ ಮೂರು ಚುಕ್ಕಿ ಮೂಡಿತು, ಅಷ್ಟೇ. ಇನ್ನೊಮ್ಮೆ ಒತ್ತಿದರು. ಇನ್ನೂ ಮೂರು ಚುಕ್ಕಿ. ಅಳಿಯನ ಮುಖ ನೋಡಿದರು.

"ಏನೂ ತಪ್ಪಾಗಿಲ್ಲ ಮಾವ. ಅದು ಕಾಯ್ತಾ ಇದೆ. ಬ್ರಾಕೆಟ್ ತೆಗೆದವರು ನೀವು, ಮುಚ್ಚೋವರೆಗೂ ಕಾಯುತ್ತೆ. ನಾವು ಮಾರ್ಕೆಟ್ಟಿಗೆ ಹೋಗಿ ತರಕಾರಿ ತಂದ್ರೂ ಅದು ಹಿಂಗೇ ಕೂತಿರುತ್ತೆ."

ಬಾಯಿಮಾತಿಗೆ ಹೇಳಿದ್ದು ನಿಜವೇ ಆಯಿತು. ಮನೆಯಲ್ಲಿ ತರಕಾರಿ ಇರಲಿಲ್ಲ. ಇಬ್ಬರೂ ಮಾರ್ಕೆಟ್ಟಿಗೆ ಹೋಗಿ, ಬದನೆಕಾಯಿಯ ವಿಷಯದಲ್ಲೂ ಒಂದಿಷ್ಟು ವಾದ ಮಾಡಿ, ಹಿಂದಿರುಗಿ ಮೆಟ್ಟಿಲು ಹತ್ತುತ್ತಿದ್ದಾಗ ಮೇಲಿನಿಂದ ಬ್ಯಾಂಕಿನ ಹೆಂಗಸಿನ ದನಿ ಕೇಳಿಸಿತು.

"ಪಕ್ಕದ ಮನೆ ತೆಂಗಿನ ಗರಿ ಒಣಗಿದೆ. ಬಟ್ಟೆ ಹಗ್ಗದ ಮೇಲೆ ಬೀಳುತ್ತದೆ. ನೋಡಿಕೊ."

ಆ ಗರಿ ಹಿಂದಿನ ದಿನವೇ ಬಿದ್ದಿತ್ತು. ಹಗ್ಗ ಹರಿದು, ಒಗೆದ ಬಟ್ಟೆಯೆಲ್ಲ ತಾರಸಿಯ ಧೂಳಿನಲ್ಲಿ ಹೊರಳಿ, ಸೌಮ್ಯ ಎಲ್ಲವನ್ನೂ ಮತ್ತೆ ಒಗೆದಿದ್ದಳು. ಬಾಗಿಲಲ್ಲಿ ನಿಂತ ಮಗಳನ್ನು ಕಂಡು ಸಿದ್ದಮಲ್ಲಪ್ಪ ಹೆಮ್ಮೆಯಿಂದ ನಕ್ಕರು. ಮೊನ್ನೆ ಟೀಯ ಜೊತೆ ಗಂಟಲಲ್ಲಿ ಇಳಿದುಹೋಗಿದ್ದ ಮಾತು ಈಗ ಬಂದು ಮುಟ್ಟಿತ್ತು, ತಡವಾದರೂ ಒಂದಕ್ಷರ ಕಡಿಮೆಯಾಗಿರಲಿಲ್ಲ. ಪ್ರಭುಸ್ವಾಮಿ ಚಪ್ಪಾಳೆ ತಟ್ಟಿದ. ಸೌಮ್ಯ ತರಕಾರಿ ಚೀಲ ಹಿಡಿದುಕೊಂಡು ಅಡಿಗೆಮನೆಗೆ ಹೋಗಿ, ಅಲ್ಲಿ ಒಲೆಯ ಕಟ್ಟೆಗೆ ಒರಗಿ ನಿಂತುಬಿಟ್ಟಳು.

ಅವನು ಹಿಂದೆಯೇ ಬಂದ. "ಸೋತೆ ಅಂತ ಸಿಟ್ಟಾ?"

"ಕಾಯೋದು ಬ್ರಾಕೆಟ್ಟಿನ ಗುಣ ಅಂತ ಬೀಗಬೇಡಿ. ನನ್ನದಕ್ಕೂ ಕಾಯೋದು ಕಲಿಸ್ತೀನಿ. ಎರಡು ಸಾಲು ಕೋಡ್ ಬರೆದ್ರೆ ಆಯ್ತು."

"ಎಷ್ಟು ಹೊತ್ತು ಕಾಯ್ಬೇಕು ಅಂತ ಬರೀತೀಯ? ಅವರ ಮಾತು ಮುಗೀತು ಅಂತ ಅದಕ್ಕೆ ಹೆಂಗೆ ಗೊತ್ತಾಗುತ್ತೆ? ಇಲ್ಲಿ ನೋಡು, ತೆಗೆಯೋರೂ ಅವರೇ, ಮುಚ್ಚೋರೂ ಅವರೇ. ಮಧ್ಯದಲ್ಲಿ ಇನ್ನೊಬ್ಬರು ಬಾಯಿ ಹಾಕೋ ಹಾಗಿಲ್ಲ."

"ಅಂದ್ರೆ ನಾನು ಬಾಯಿ ಹಾಕ್ತೀನಿ ಅಂತ."

ಅವನು ಅವಳ ಕೈಯಿಂದ ತರಕಾರಿ ಚೀಲ ತೆಗೆದು ಕಟ್ಟೆಯ ಮೇಲಿಟ್ಟ. ಆಮೇಲೆ, "ಹಾಕ್ತೀಯ," ಎಂದ.

"ರಜ ಹಾಕಿ ಆಸ್ಪತ್ರೆಗೆ ಅಲೆದವಳು ನಾನು. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಉಗುರು ಕತ್ತರಿಸಿ... ನಾನು ಕಾದಿಲ್ವಾ?"

"ಎಲ್ಲದಕ್ಕೂ ಕಾದಿದ್ದೀಯ ಸೌಮ್ಯ. ಅವರ ಮಾತು ಮುಗಿಯೋದಕ್ಕೆ ಮಾತ್ರ ಕಾದಿಲ್ಲ."

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವಳು ಬದನೆಕಾಯಿಗಳನ್ನು ಒಂದೊಂದಾಗಿ ತೆಗೆದು ಬುಟ್ಟಿಗೆ ಹಾಕಿದಳು. ಬೆನ್ನು ಅವನ ಕಡೆಗಿತ್ತು. ಬುಟ್ಟಿ ತುಂಬಿದ ಮೇಲೆ, "ನಂಗೆ ಭಯ ಆಗುತ್ತೆ ರೀ," ಎಂದಳು. "ತೆಂಗಿನ ಗರಿ ಮಾತು ಇಷ್ಟು ದಿನ ಅವರ ಒಳಗಿತ್ತು. ಅಂದ್ರೆ ಇನ್ನೊಂದು ಮಾತೂ ಇದ್ದೇ ಇರುತ್ತೆ. ನಾನು ಊರಿಗೆ ಹೋಗ್ತೀನಿ, ನನ್ನ ಕಳಿಸಿಕೊಡು ಅಂತ. ಪೂರ್ತಿ ಹೇಳೋಕೆ ಬಿಟ್ರೆ ಅದನ್ನೇ ಹೇಳ್ತಾರೆ. ಚೀಲ ಕಟ್ಟಿಕೊಂಡೇ ಕೂತಿಲ್ವಾ?"

ಪ್ರಭುಸ್ವಾಮಿಗೆ ಅವಳನ್ನು ಸಮಾಧಾನ ಮಾಡುವ ಮಾತುಗಳು ಬೇಕಾದಷ್ಟಿದ್ದವು. ಆದರೆ ಆ ದಿನ ಅವನಿಗೂ ಮಾತು ಮುಗಿಸಿಕೊಡುವ ಧೈರ್ಯವಾಗಲಿಲ್ಲ. ಅವಳ ಪಕ್ಕದಲ್ಲಿ ನಿಂತು ಬದನೆಕಾಯಿಯ ತೊಟ್ಟು ಮುರಿದ.

ಭಾನುವಾರದವರೆಗೆ ಸಿದ್ದಮಲ್ಲಪ್ಪ ಬಿಡುವಾದಾಗಲೆಲ್ಲ ಲ್ಯಾಪ್‌ಟಾಪಿನ ಮುಂದೆ ಕೂತರು. ಬೆಳಿಗ್ಗೆ ತೆಗೆದ ಬ್ರಾಕೆಟ್ಟು ಕೆಲವೊಮ್ಮೆ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತಿತ್ತು. ‘ಪ್ರಭು ಬಸ್ಸಿನಲ್ಲಿ ಹುಷಾರು.’ ‘ಪೇಪರಿನಲ್ಲಿ ಆನೆ ಸುದ್ದಿ ಬಂದಿದೆ.’ ಒಮ್ಮೆ, ‘ಗುರುಬಸಮ್ಮ ಬದನೆಕಾಯಿಗೆ ಹುಚ್ಚೆಳ್ಳು ಹಾಕುತ್ತಿದ್ದಳು.’ ಬ್ಯಾಂಕಿನ ಹೆಂಗಸು ಅಮ್ಮನ ಹೆಸರು ಹೇಳಿದ್ದನ್ನು ಕೇಳಿ ಸೌಮ್ಯಳಿಗೆ ಒಂದು ಥರ ಆಯಿತು. ಊರಿಗೆ ಹೋಗುವ ಮಾತು ಮಾತ್ರ ಬರಲಿಲ್ಲ, ಇಲ್ಲೇ ಇರುವ ಮಾತೂ ಬರಲಿಲ್ಲ. ಅವಳೂ ಕೇಳಲಿಲ್ಲ. ಪ್ರತಿ ಸಲ ಬ್ರಾಕೆಟ್ಟು ತೆರೆದುಕೊಂಡ ಕ್ಷಣ ಅವಳು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದಳು.

ಮಾದೇಶ ಹೊತ್ತು ಏರುವ ಮುಂಚೆಯೇ ಬಂದ. ಒಂದು ಕೈಯಲ್ಲಿ ನುಗ್ಗೆಕಾಯಿ ಕಟ್ಟು, ಇನ್ನೊಂದರಲ್ಲಿ ಹುರುಳಿಯ ಚೀಲ. ಚಪ್ಪಲಿ ಬಿಟ್ಟವನೇ ಬಂದು ಅಪ್ಪನ ಕಾಲು ಮುಟ್ಟಿ, ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೇ ಕೂತು ಅವರ ಬಲಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಅವನ ಕಣ್ಣು ಆಗಲೇ ಒದ್ದೆಯಾಗಿತ್ತು. ಸೌಮ್ಯ ಅಣ್ಣನ ಮೇಲೆ ಸಿಟ್ಟು ಮಾಡಬೇಕೆಂದು ಬೆಳಗಿನಿಂದ ತಯಾರಾಗಿದ್ದಳು. ಅವನನ್ನು ನೋಡಿ ಆಗಲಿಲ್ಲ.

"ಅಪ್ಪೋ, ಬಿಳಿಗಿರಿ ಕೆಳಗ ಗಾಡಿ ನಿಲ್ಸವ್ನ. ಇಂದ್ಗಡೆ ಆಸ್ಗೆ ಆಸೀವ್ನಿ, ಮಲ್ಕಂಡೇ ಬರ್ಬೌದು. ಓಗಾಣ್ವಾ?"

ಸಿದ್ದಮಲ್ಲಪ್ಪ ಬಾಯಿ ತೆರೆದರು.

"ಥೆರಪಿ ಇದೆ ಅಣ್ಣ, ಹೇಳಿದ್ನಲ್ಲ," ಎಂದಳು ಸೌಮ್ಯ. "ಅಪ್ಪಂಗೆ ಇಲ್ಲೇ ಹಿತ ಆಗಿದೆ."

"ಇತ ಯಾನ ಬಂತಮ್ಮಿ, ನಾಕ್ ಗ್ವಾಡೆ ಮಧ್ಯ? ಅಪ್ಪಂಗ ದನ ನೋಡ್ಬೇಕು, ವಲ ನೋಡ್ಬೇಕು ಅನ್ನಿಸ್ಕಿಲ್ವಾ? ಅಲ್ವಾ ಅಪ್ಪೋ? ಊರ್ಗ ಬರ್ಬೇಕು ಅಂತ್ಲೇ ತಾನೇ ನೀ ಅಂತಿರಾದು?"

ಅಣ್ಣ ತಂಗಿ ಇಬ್ಬರೂ ಒಂದೇ ಅಚ್ಚಿನವರು. ಅಪ್ಪನ ಮೇಲಿನ ಪ್ರೀತಿಯಲ್ಲಿ ಅಪ್ಪನ ಬಾಯಿಗೇ ಕೈ ಹಾಕುವವರು. ಸಿದ್ದಮಲ್ಲಪ್ಪ ಮಗನ ಹಿಡಿತದಿಂದ ಬಲಗೈಯನ್ನು ಬಿಡಿಸಿಕೊಂಡರು. ಮೇಜಿನ ಕಡೆಗೆ ತಿರುಗಿ, ಎಡಗೈ ಬೆರಳಿನಿಂದ ಆ ಕೀಲಿಯನ್ನೊತ್ತಿ, ಎಂಟರ್ ಒತ್ತಿದರು. ಮೂರು ಚುಕ್ಕಿ ಮೂಡಿತು.

"ಭಾವ, ಸ್ವಲ್ಪ ತಡೀರಿ," ಎಂದು ಪ್ರಭುಸ್ವಾಮಿ ತಗ್ಗಿದ ದನಿಯಲ್ಲಿ ಹೇಳಿದ. "ಮಾವ ಬ್ರಾಕೆಟ್ ತೆಗೆದವ್ರೆ."

"ಅಂಗಂದ್ರ?"

"ಏನೋ ಹೇಳ್ತಾರೆ. ಮುಗಿಸೋವರೆಗೂ ಯಾರೂ ಮಾತಾಡೋ ಹಾಗಿಲ್ಲ."

ಮಾದೇಶನಿಗೆ ಅರ್ಥವಾಗಲಿಲ್ಲ, ಆದರೂ ತಂಗಿಯ ಗಂಡನ ಮಾತಿಗೆ ಮರ್ಯಾದೆ ಕೊಟ್ಟು ಬಾಯಿ ಮುಚ್ಚಿದ. ಎಲ್ಲರೂ ಪರದೆಯನ್ನೇ ನೋಡುತ್ತ ನಿಂತರು. ಫ್ಯಾನು ತಿರುಗುತ್ತಿತ್ತು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು, ಅವಳ ಕೂಗು ಮೂಲೆ ತಿರುಗಿ ಮರೆಯಾಗುವವರೆಗೂ ಸಿದ್ದಮಲ್ಲಪ್ಪನ ಬೆರಳು ಕೀಲಿಗಳ ಮೇಲೆ ಹಾಗೇ ತೂಗುತ್ತಿತ್ತು. ಇಳಿಯಲಿಲ್ಲ. ಸೌಮ್ಯಳ ನಾಲಗೆಯ ಮೇಲೆ ಪದಗಳು ಸಾಲುಗಟ್ಟಿ ನಿಂತಿದ್ದವು: ಇಲ್ಲೇ ಇರ್ತೀರಾ, ಹೋಗಲ್ಲ ಅಲ್ವಾ, ಬೇಡ ಅನ್ನಿ. ಅವಳು ಕೆಳದುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಹೋಗ್ತೀನಿ ಅಂದರೂ ಸರಿ, ಈ ಸಲ ಪೂರ್ತಿ ಕೇಳಿಸಿಕೊಳ್ಳುತ್ತೇನೆ ಎಂದುಕೊಂಡಳು. ಹಾಗೆ ಅಂದುಕೊಂಡಾಗ ಅವಳಿಗೆ ಎಂದೂ ಆಗದಷ್ಟು ದುಃಖವಾಯಿತು.

ಬೆರಳು ಕೀಲಿಗಳಿಂದ ಹಿಂದೆ ಸರಿಯಿತು. ಸಿದ್ದಮಲ್ಲಪ್ಪ ಲ್ಯಾಪ್‌ಟಾಪಿನಿಂದ ಮುಖ ತಿರುಗಿಸಿದರು.

"ಸೌಮೀ..."

ಬ್ಯಾಂಕಿನ ಹೆಂಗಸಲ್ಲ, ಅವರದೇ ಗಂಟಲು. ಹಂದಿ ಓಡಿಸಿದ ಗಂಟಲಿನ ಅಡಿಯಲ್ಲಿ ಉಳಿದಿದ್ದ ಒರಟು ದನಿ. ಯಾರೂ ಅಲುಗಾಡಲಿಲ್ಲ.

"ಮಾದೇಸಂಗ..." ಎಂದರು. ಉಸಿರು ತೆಗೆದುಕೊಂಡರು. ಬಾಯಿ ಒಂದು ಬದಿಗೆ ಎಳೆಯಿತು. ಸರಿಮಾಡಿಕೊಂಡು ಮತ್ತೆ ಹಿಡಿದರು. "ಉಣ್ಣಾಕ... ಇಕ್ಕವ್ವ."

ಪ್ರಭುಸ್ವಾಮಿಯ ಕೈ ಹೆಂಡತಿಯ ಹೆಗಲ ಮೇಲೆ ಬಂದಿತ್ತು. ಅವಳು ಅದನ್ನು ಗಮನಿಸಲೇ ಇಲ್ಲ. ಮಾತು ಮುಗಿದಿರಲಿಲ್ಲ, ಅದು ಅವರ ಕಣ್ಣಿನಲ್ಲಿ ಕಾಣುತ್ತಿತ್ತು. ಅವಳು ಕಾದಳು.

"ಅವ್ನು... ದೂರ... ಓಗ್ಬೇಕು."

ಶ್ರಾವಣದಿಂದ ಈಚೆಗೆ ಈ ಮನೆಯಲ್ಲಿ ಒಂದು ಲೋಟ ನೀರನ್ನೂ ಕೇಳಿ ಕುಡಿಯದ ಅಪ್ಪ, ಮನೆಯ ಯಜಮಾನನ ಹಾಗೆ ಊಟ ಬಡಿಸು ಎಂದಿದ್ದರು. ಸೌಮ್ಯಳಿಗೆ ಅಳು ಒತ್ತರಿಸಿಕೊಂಡು ಬಂತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಒರೆಸಿಕೊಂಡಷ್ಟೂ ಅದು ಒದ್ದೆಯಾಯಿತು.

ಮಾದೇಶ ನೆಲ ನೋಡುತ್ತ ಕೂತಿದ್ದ. ಅವನಿಗೂ ಮಾತು ಮುಟ್ಟಿತ್ತು. ದೂರ ಹೋಗಬೇಕಾದವನು ತಾನೊಬ್ಬನೇ. ಆಮೇಲೆ ಅಪ್ಪನ ಮೊಣಕಾಲನ್ನು ಮೆಲ್ಲಗೆ ತಟ್ಟಿ ಎದ್ದು, "ಆಯ್ತು ಕಣಪ್ಪೋ, ಉಂಡ್ಕಂಡೇ ಓಯ್ತೀನಿ," ಎಂದ. ತಂಗಿಯ ಕಡೆ ತಿರುಗಿ, "ಯಾನ್ ಮಾಡೀದಮ್ಮಿ? ಒಟ್ಟೆ ಅಸ್ದದ," ಎಂದು ಕೇಳಿದ. "ಬರ್ತಾ ಇರ್ತೀನಿ ಕಣ. ನಿನ್ನ ಮನ್ಗ ಬಂದ್ರೆ ಅಪ್ಪನ ಮನ್ಗೆ ಬಂದಂಗಾಯ್ತು ಬುಡು."

"ಮುದ್ದೆ, ಹುರುಳಿ ಸಾರು ಇದೆ ಅಣ್ಣ. ಕೈ ತೊಳ್ಕೊ," ಎಂದಳು ಸೌಮ್ಯ.

ನಡುಮನೆಯಲ್ಲೇ ಚಾಪೆ ಹಾಸಿ ತಟ್ಟೆ ಇಟ್ಟಳು. ಪ್ರಭುಸ್ವಾಮಿ ನೀರಿನ ಚೊಂಬು ತಂದ. ಮುದ್ದೆಯನ್ನು ತಟ್ಟೆಗೆ ಹಾಕಿ ಅದರ ಪಕ್ಕ ಸಾರು ಬಿಡುತ್ತಿದ್ದಾಗ ಕೆಳಗೆ ಬೀದಿಯಿಂದ ಗಾಡಿಯ ಹಾರನ್ ಕೇಳಿಸಿತು. ಸಿದ್ದಮಲ್ಲಪ್ಪನ ಎಡಗೈ ಕುರ್ಚಿಯ ತೋಳಿನಿಂದ ಮೇಲೆದ್ದು ಕಿಟಕಿಯ ಕಡೆಗೆ ಚಾಚಿತು.

"ಕೆಳಗ..." ಎಂದರು.

ಕೆಳಗೆ ಬಿಳಿಗಿರಿ ಬಿಸಿಲಿನಲ್ಲಿ ಕಾಯುತ್ತಿದ್ದ, ಅವನನ್ನೂ ಉಣ್ಣಲು ಕರೆಯಬೇಕು. ಆ ಮಾತು ಸೌಮ್ಯಳಿಗೆ ಆಗಲೇ ಗೊತ್ತಾಗಿತ್ತು. ಮಾದೇಶನಿಗೂ ಗೊತ್ತಾಗಿತ್ತು, ಅವನು ಬಾಯಿ ತೆರೆಯಹೋದವನು ತಂಗಿಯ ಮುಖ ನೋಡಿ ಸುಮ್ಮನಾದ. ಮುರಿಯದ ಮುದ್ದೆಯ ಮೇಲೆ ಅವನ ಬೆರಳು ಹಾಗೇ ನಿಂತಿತು. ಸಾರಿನಿಂದ ಏಳುತ್ತಿದ್ದ ಹಬೆ ತೆಳುವಾಗುತ್ತ ಬಂತು. ಬಿಳಿಗಿರಿ ಇನ್ನೊಮ್ಮೆ ಹಾರನ್ ಮಾಡಿದ. ಸೌಮ್ಯ ಸೌಟು ಹಿಡಿದು, ಅಪ್ಪನ ತುಟಿಗಳನ್ನೇ ನೋಡುತ್ತ ನಿಂತಿದ್ದಳು.